ಕುರ್ವೆಗೆ ಹೆಣ್ಣು ಕೊಡೋರಿಲ್ಲ

...ಅಲ್ಲ ಮಕ್ಕಳೇ, ನಮ್ಮ ಕುರ್ವೆಲಿ ಜನ ಸತ್ತು ಕಡಿಮೆ ಆದದ್ದಲ್ಲ, ಹುಟ್ಟೋದು ನಿಂತು ಕಡಿಮೆ ಆದದ್ದು. ಹೊಳೆ ನಡುವಿನ ಊರು ಅಂದ್ರೆ ಗೊತ್ತಲ್ಲ, ನಾಲ್ಕೂ ಕಡೆ ನೀರು, ದೋಣಿ ಇಲ್ದೆ ಉಪ್ಪೂ ಬರೋದಿಲ್ಲ. ನಾನು ಸಣ್ಣೋನಿದ್ದಾಗ ಶಾಲೇಲಿ ಕೂರೋಕೆ ಜಾಗ ಇರ್ಲಿಲ್ಲ ಮಾರಾಯ್ರೇ. ಆಮೇಲೆ ನಮ್ಮ ಹೆಣ್ಣುಮಕ್ಕಳನ್ನೆಲ್ಲ ಆಚೆ ದಡಕ್ಕೆ ಕೊಟ್ವಿ, ಕುರ್ವೆಗೆ ಮಾತ್ರ ಯಾರೂ ಹೆಣ್ಣು ಕೊಡ್ಲಿಲ್ಲ. ಗಂಡುಮಕ್ಕಳೂ ಒಬ್ಬೊಬ್ಬರೇ ದಾಟಿದ್ರು. ಶಾಲೆ ಮುಚ್ಚಿದ್ರು. ಕೊನೆಗೆ ಉಳಿದ ಹರೆಯದವ ಅಂದ್ರೆ ನಿಮ್ಮ ಮಾವ, ನನ್ನ ಮಗ ನಾಗೇಶ ಒಬ್ನೇ. ಇವನಿಗೂ ಮದುವೆ ಆಗ್ದಿದ್ರೆ ಊರೇ ಮುಗೀತು ಅಂತ ನನಗೆ ಒಂದೇ ಚಿಂತೆ.

ಭಾವಿಕೇರಿ ಕಡೆಯಿಂದ ಹುಡುಗಿ ತಾಯಿ, ಸೋದರಮಾವ ಮನೆ ನೋಡೋಕೆ ಬರ್ತೇವೆ ಅಂದ್ರು. ನಾವು ಇಂಥೋರನ್ನ ಯಾವಾಗ್ಲೂ ಸಮುದ್ರದ ಭರ್ತಿ ನೀರು ಹೊಳೆಗೆ ಏರೋ ಹೊತ್ತಿಗೇ ಕರೀತಿದ್ವಿ. ಹೊಳೆ ತುಂಬಿದಾಗ ದೋಣಿ ಮೆಟ್ಟಿಲಿಗೇ ಬಂದು ನಿಲ್ತದೆ, ಊರು ಚಂದ ಕಾಣ್ತದೆ. ಇಳಿತ ಆದ್ರೆ ಮೊಣಕಾಲು ಮಟ ರಾಡಿ. ಬಂದ್ರು, ನೋಡಿದ್ರು, ಒಪ್ಪಿದ ಹಾಗೇ ಇತ್ತು. ನಿಮ್ಮಜ್ಜಿ ಕೊಟ್ಟೆ ರೊಟ್ಟಿ, ಕೋಳಿ ಸಾರು ಮಾಡಿದ್ಲು. "ಇನ್ನೊಂದು ಹಾಕ್ಕೊಳ್ಳಿ, ಇನ್ನೊಂದೇ ಒಂದು." ನಾನು ಬಾಗಿಲಿಂದ ನೀರು ಇಳಿಯೋದನ್ನ ನೋಡೋದು, ಅವಳಿಗೆ ಕಣ್ಸನ್ನೆ ಮಾಡೋದು, ಅವಳು ಇತ್ಲಾಗೆ ನೋಡಿದ್ರೆ ತಾನೇ! ಸೋದರಮಾವ ಉಂಡವ ಅಲ್ಲೇ ಅಡ್ಡಾದ, ಗೊರಕೆ ಬೇರೆ. ನೆಂಟರನ್ನ ಏಳಿ, ಹೊರಡಿ ಅನ್ನೋದು ಹ್ಯಾಂಗೆ? ಅವ ಎದ್ದಾಗ ನೀರು ಎಲ್ಲಿ, ದೋಣಿ ಎಲ್ಲಿ.

ಹುಡುಗಿ ತಾಯಿ ಸೀರೆ ಎತ್ತಿ ಹಿಡಿದು ರಾಡಿಗೆ ಇಳಿದ್ರು. ಒಂದು ಚಪ್ಪಲಿ ಅಲ್ಲೇ ಹೋಯ್ತು. ಸಿಟ್ಟು ಮಾಡ್ಲಿಲ್ಲ. ಅದೇ ನನಗೆ ಕಷ್ಟ ಆದದ್ದು. ದೋಣಿ ಹತ್ತಿ ಕೂತು ಮೆಲ್ಲಗೆ ಕೇಳಿದ್ರು, "ಅಣ್ಣಾ, ನಮ್ಮ ಹುಡುಗಿಗೆ ಇಂಥಾ ಹೊತ್ತಲ್ಲಿ ಹೆರಿಗೆ ನೋವು ಬಂದ್ರೆ ಎಂತ ಮಾಡ್ತೀರಿ?"

ನಿಮ್ಮ ಆಯಿ, ನನ್ನ ಮಗಳು, ಹುಟ್ಟಿದ್ದು ಅದೇ ರಾಡೀಲಿ ಸಿಕ್ಕೊಂಡ ದೋಣೀಲಿ. ನಾವದನ್ನ ಎಲ್ಲರಿಗೂ ನಗೆಮಾತು ಮಾಡಿ ಹೇಳ್ತಿದ್ವಿ. ಆವತ್ತು ನಾನು ಬಗ್ಗಿ ದೋಣಿ ಹಗ್ಗ ಬಿಚ್ಚೋಕೆ ಹೋದೆ. ಹಿಂದಿಂದ ನಿಮ್ಮಜ್ಜಿ ಹೇಳಿದ್ಲು, "ಇಲ್ಲಿಗೆ ಕೊಡ್ಬೇಡಿ ತಂಗಿ." ಅಷ್ಟೂ ವರ್ಷ ನನ್ನ ಹತ್ರ ಒಂದ್ಸಲಾನೂ ಹಾಗೆ ಅಂದವಳಲ್ಲ.

ಮತ್ತೆಂತ, ನಾಗೇಶ ಹೊಳೆ ದಾಟಿ ಬಂದು ಇಲ್ಲಿ ಪೇಟೇಲಿ ಬಾಡಿಗೆ ಮನೆ ಹಿಡಿದ, ಅದೇ ಹುಡುಗಿ ಬಂದ್ಲು, ನಾವೂ ಬಂದ್ವಿ. ಕುರ್ವೆ ಗದ್ದೆಗೆ ಅಂತ ನಾನು ಈಗ್ಲೂ ಬಸ್ಸು ಹತ್ತಿ, ದೋಣಿ ಹತ್ತಿ ಹೋಗಿ ಬರ್ತೆ, ಸುಸ್ತಾಗ್ತದೆ. ಊರು ಉಳೀಬೇಕು ಅಂತಿದ್ರೆ ಹೆರೋಳ ಕಾಲಿಗೆ ಮೊದ್ಲು ಗಟ್ಟಿ ನೆಲ ಕೊಡ್ಬೇಕು, ಅಷ್ಟೇ. ಏಳಿ, ನಿಮ್ಮಜ್ಜಿ ಊಟಕ್ಕೆ ಕರೀತಿದ್ದಾಳೆ.