ಯಾರ ಕಾಲಿನ ಬಲ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹಾಲು ಹಾಕುವ ಚಂದ್ರಯ್ಯನೂ ಸೈಕಲ್ ರೇಸಿಗೆ ಹೋಗುವ ಅವನ ಮಗಳು ಶಾಂಭವಿಯೂ ನನ್ನ ಪಕ್ಕ ಕೂತಿದ್ದರು. ತುಳಿಯುವ ಬಲವನ್ನು ಅಳೆದು ಕೋಚಿನ ಕಂಪ್ಯೂಟರಿಗೆ ಕಳಿಸುವ, ಅವರೇ ಕೊಟ್ಟಿದ್ದ ರೇಸ್ ಸೈಕಲ್ಲಿನ ಚಕ್ರ ಅವಳ ತೊಡೆಯ ಮೇಲಿತ್ತು.

“ಕಂಪ್ಯೂಟರಲ್ಲಿ ಇದ್ರ ಲೆಕ್ಕ ನೋಡಿ ಸ್ಟೇಟ್ ಟೀಮಿಗೆ ನನ್ನ ಆಕವ್ರೆ ಕಣಪ್ಪಾ.”

“ಒಳ್ಳೇದೇ ಆಯ್ತಲ್ಲವ್ವಾ.”

“ಅದ್ರಲ್ಲಿರೋದು ನಿನ್ನ ಬಲ. ನಂಗೆ ಜ್ವರ ಬಂದಾಗ ರೇಸ್ ಸೈಕಲ್‌ಗೆ ಕ್ಯಾನ್ ಕಟ್ಕಂಡು ಡೇರಿಗೋಗಿದ್ದಲ್ಲ, ಅದು.”

“ನನ್ ಸೈಕಲ್ ಪಂಚರ್ ಆಗಿತ್ತು. ಅಂಗಾರೆ ಟೀಮಿಗೆ ನನ್ನೇ ಕಳ್ಸು.”

ಅವಳು ನಗಲಿಲ್ಲ.

“ಕೋಚಿಗೆ ಹೇಳಿದ್ರೆ ಹೆಸರು ತೆಗೀತಾರೆ.”

“ಹೇಳ್ಬ್ಯಾಡ ಬುಡು. ಯಾರಿಗ್ ಗೊತ್ತಾಯ್ತದೆ?”

“ರೇಸಲ್ಲಿ ತುಳಿಯೋದು ನನ್ ಕಾಲು ತಾನೆ?”

ಕೋಚ್ ಇರುವ ಮೈಸೂರಿನ ಬಸ್ಸು ಬಂತು; ಚಂದ್ರಯ್ಯನೂ ಎದ್ದ.

“ನಾನೇ ಬಂದು ಹೇಳ್ತೀನಿ, ತಪ್ಪು ನಂದು.”

“ಬ್ಯಾಡ, ನಾನೇ ಹೇಳ್ಕತೀನಿ. ನೀನು ಎಮ್ಮೆ ನೋಡ್ಕ, ಓಗು.”

ಚಕ್ರ ಎತ್ತಿಕೊಂಡು ಒಬ್ಬಳೇ ಹತ್ತಿದಳು.