ಜೆಸಿಂತಾ ಸಿಸ್ಟರ್ ಹೇಳಿದ ಅರ್ಗಾಂ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಧರ್ಮಗುರುಗಳೇ, ವೈದ್ಯರೇ, ಇಂದು ಈ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತರಾಗುತ್ತಿರುವ ಜೆಸಿಂತಾ ಕ್ರಾಸ್ತಾ ಸಿಸ್ಟರೇ, ಈ ಸೆಕೆಯಲ್ಲೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ನಾನು ಬೀಜಾಡಿಯ ಗೋವರ್ಧನ, ಮೀನು ವ್ಯಾಪಾರಿ. ಸಿಸ್ಟರ್ ದಿನವೂ ದೇವರಿಗೆ ಕೃತಜ್ಞತೆ ಹೇಳುವ ಬಗ್ಗೆ ಮಾತಾಡಲು ಸಂಘಟಕರು ಕರೆದದ್ದು ನನ್ನ ಹೆಂಡತಿ ಸರೋಜಳನ್ನು. ಮೈಕಿನ ಮುಂದೆ ನಿಲ್ಲಲು ಅವಳು ಒಪ್ಪಲಿಲ್ಲ. ಹಾಗಾಗಿ ನಾನು. ನನ್ನದು ಸಂಶಯದ ಬುದ್ಧಿ. ಕಿವಿರು ಎತ್ತಿ ನೋಡದೆ ಒಂದು ಅಂಜಲ್ ಮೀನನ್ನೂ ಕೊಂಡವನಲ್ಲ. ಮನುಷ್ಯರನ್ನೂ ಹಾಗೆಯೇ ನೋಡಿದೆ.

ತೊಂಬತ್ತೊಂಬತ್ತರ ಆಗಸ್ಟ್. ಸರೋಜಳ ಮೊದಲ ಹೆರಿಗೆ. ಮಗು ಉಳಿಯಲಿಲ್ಲ. ನಾನು ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಸಿಸ್ಟರ್ ಕಿಟಕಿಯ ಕಡೆ ತಿರುಗಿ ಶಿಲುಬೆಯ ಗುರುತು ಮಾಡಿ ಮೆಲ್ಲಗೆ ಹೇಳಿದರು: "ದೇವಾ, ತುಕಾ ಅರ್ಗಾಂ."

ಅರ್ಗಾಂ ಅಂದರೇನು? ಮಾರ್ಕೆಟ್ಟಿನಲ್ಲಿ ಕೊಂಕಣಿಯವರೊಬ್ಬರನ್ನು ಕೇಳಿದೆ. ಉಪಕಾರ ಸ್ಮರಣೆ ಎಂದರು. ನನ್ನ ಮಗು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದಾಗ ಉಪಕಾರವೇ? ಯಾವ ತಪ್ಪು ಮುಚ್ಚಿಹೋಯಿತೆಂದು ಉಪಕಾರ? ಮಗು ಸತ್ತದ್ದು ಸಿಸ್ಟರ್ ತಪ್ಪಿನಿಂದ ಎಂದು ಮೇಲಧಿಕಾರಿಗಳಿಗೆ ಎಡಗೈಯಲ್ಲಿ ಒಂದು ಮೂಗರ್ಜಿ ಬರೆದೆ. ಹೌದು, ಸಭಿಕರೇ, ಆ ಮೂಗರ್ಜಿ ನನ್ನದು. ವಿಚಾರಣೆಯಾಯಿತು. ಯಾವ ತಪ್ಪೂ ಸಿಗಲಿಲ್ಲ. ಆದರೂ ಆರು ತಿಂಗಳು ಅವರನ್ನು ಹೆರಿಗೆ ವಾರ್ಡಿನಿಂದ ತೆಗೆದು, ಬಟ್ಟೆ ಎಣಿಸುವ ಕೋಣೆಗೆ ಹಾಕಿದರು.

ಸರೋಜ ಮಾತ್ರ ಸಾಸ್ತಾನದಲ್ಲಿರುವ ಸಿಸ್ಟರ್ ಮನೆಗೆ ಹೋಗಿ ಬರತೊಡಗಿದಳು. ಇವಳನ್ನು ಮತಾಂತರ ಮಾಡಿ ಇಗರ್ಜಿಗೆ ಸೇರಿಸುತ್ತಾರೆಯೇ? ಒಂದು ಮಧ್ಯಾಹ್ನ ಅವಳ ಹಿಂದೆಯೇ ಇನ್ನೊಂದು ಬಸ್ಸಿನಲ್ಲಿ ಹೋಗಿ ಹಿತ್ತಿಲ ಬೇಲಿಯ ಹತ್ತಿರ ನಿಂತೆ, ಕಳ್ಳನ ಹಾಗೆ. ಊಟ ಮುಗಿದಿತ್ತು. ಸಿಸ್ಟರ್ ಕಣ್ಣುಮುಚ್ಚಿ ಅಂದಿನ ದಿನಕ್ಕೆ ಅರ್ಗಾಂ ಹೇಳುತ್ತಿದ್ದರು. ಬಾವಿಯಲ್ಲಿ ನೀರಿದೆ, ಹಾಸಿಗೆ ಹಿಡಿದ ತಾಯಿ ಎರಡು ಚಮಚ ಗಂಜಿ ಕುಡಿದರು, ಸರೋಜ ಬಂದಳು. ಅಷ್ಟೇ. ನನ್ನವಳು ಸುಮ್ಮನೆ ಕುಳಿತಿದ್ದಳು.

ಮಗು ಸತ್ತ ದಿನ ಅರ್ಗಾಂ ಹೇಳಿದವರ ಮನೆಗೆ ಯಾಕೆ ಹೋಗುತ್ತೀ ಎಂದು ಸಂಜೆ ಮನೆಯಲ್ಲಿ ಜೋರು ಮಾಡಿದೆ. ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಿ ಹೇಳಿದಳು:

"ಅವತ್ತ್ ಅವ್ರ್ ಅರ್ಗಾಂ ಹೇಳದ್ದ್ ನಾ ಬದ್ಕಿದ್ದಕ್ಕೆ. ನಾ ಬದ್ಕಿದೆ ಅಂದೇಳಿ ಅವ್ರೊಬ್ರಾರೂ ಖುಷಿ ಪಟ್ರ್. ನೀವ್ ಪಟ್ರ್ಯಾ?"

ಸತ್ತ ಮಗುವನ್ನೇ ನೋಡುತ್ತಾ ನಿಂತವನು, ಬದುಕಿದವಳ ಮುಖವನ್ನು ಅಂದು ನೋಡಿಯೇ ಇರಲಿಲ್ಲ.

ಅಷ್ಟು ತಿಳಿದ ಮೇಲೂ ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ಈ ಸನ್ಮಾನದ ಸುದ್ದಿ ಕೇಳಿದ ಮೇಲೆ, ಹೋದ ತಿಂಗಳು, ಸಾಸ್ತಾನಕ್ಕೆ ಹೋಗಿ ಮೂಗರ್ಜಿ ಬರೆದವನು ನಾನೇ ಎಂದೆ. ನಗುತ್ತಾ ಕ್ಷಮಿಸುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ.

"ಆರ್ ತಿಂಗ್ಳ್ ನಂಗೆ ಒಂದ್ ಮಗು ಎತ್ತುಕೂ ಬಿಡ್ಲಿಲ್ಲ," ಎಂದರು. "ಇವತ್ತ್ ಎಂತಕ್ಕೆ ಅರ್ಗಾಂ ಹೇಳೂದ್ ಅಂದೇಳಿ ಗೊತ್ತಾತಿಲ್ಲೆ. ನಾಳೆ ಬನ್ನಿ."

ಮರುದಿನ ಹೋದೆ. ಬಾಗಿಲು ತೆರೆದವರು, "ಅರ್ಗಾಂ ಹೇಳ್ದೆ. ನೀವೇ ಬಂದ್ ಹೇಳದ್ದಕ್ಕೆ ಹೇಳ್ದೆ. ಕಷ್ಟ ಆಯ್ತ್," ಎಂದರು.

ನಿಜವೇ? ನನ್ನ ಸಮಾಧಾನಕ್ಕೆ ಹೇಳಿದ್ದೇ? ಸಂಶಯದವನು, ಮುಖವನ್ನೇ ನೋಡಿದೆ. ಕಣ್ಣು ಕೆಂಪಾಗಿತ್ತು, ರಾತ್ರಿಯಿಡೀ ನಿದ್ದೆ ಮಾಡಿದ ಮುಖವಲ್ಲ ಅದು. ಆಗ ನಂಬಿದೆ.

ಇದನ್ನು ಸಭೆಯಲ್ಲಿ ಹೇಳಿ ಎಂದು ಅವರು ಕೇಳಲಿಲ್ಲ. ಕೇಳಿಸಿಕೊಂಡ ನಿಮಗೆಲ್ಲ ಉಪಕಾರ. ಸಿಸ್ಟರೇ, ನನ್ನ ಸರೋಜ ಬದುಕಿದ್ದಾಳೆ. ನಿಮಗೆ ನಮಸ್ಕಾರ.