ವಿನಿಯ ಕೆಂಡಸಲಾಕೆ

...ಅಲ್ಲ ಈನಿಡ್, ಮನೆಗೆ ಬಂದವರಿಗೆ ಚೆಂದದ್ದನ್ನೇ ತೋರಿಸಬೇಕು ಎಂದು ನಮ್ಮಮ್ಮ ಚಿಕ್ಕಂದಿನಿಂದ ನನ್ನ ಕಿವಿಗೆ ತುಂಬಿದ್ದಳು. ಸರಿ, ಒಪ್ಪಿದೆ. ಆದರೆ ಚೆಂದದ್ದು ಇಲ್ಲದಿದ್ದರೆ ಏನನ್ನು ತೋರಿಸಬೇಕು? ಅದನ್ನು ಅವಳು ಹೇಳಲೇ ಇಲ್ಲ. ಆಯುಷ್ಯವಿಡೀ ಮಕ್ಕಳಿಗೆ ಭೂಗೋಳ ಕಲಿಸಿದ ನನಗೂ ಹೊಳೆಯಲಿಲ್ಲ.

ಯಾಕೆ ನಗುತ್ತೀ? ಮೊದಲು ಆ ಸಲಿಕೆ ಕೆಳಗಿಡು.

ಊರಿನ ತೋಟಗಳೆಲ್ಲ ನೋಡುವವರಿಗಾಗಿ ಬಾಗಿಲು ತೆರೆಯುವ ಭಾನುವಾರ ಇವತ್ತು. ಹೊರಗೆ ಜನ ಆಗಲೇ ಸಾಲು ನಿಂತಿದ್ದಾರೆ. ಅವರು ನನ್ನ ಮುಖ ನೋಡಲು ಬಂದವರಲ್ಲ, ನಿನ್ನ ಅಕ್ಕ ವಿನಿ ನೆಟ್ಟ ಹೂವು ನೋಡಲು ಬಂದವರು. ಇಡೀ ಎಸೆಕ್ಸ್ ಜಿಲ್ಲೆಯ ಹುಲ್ಲು ಸುಟ್ಟು ತರಗಾದ ಬೇಸಗೆ ಕಳೆದು, ಅಕ್ಟೋಬರಿನಲ್ಲಿ, ಈ ಜಲ್ಲಿಕಲ್ಲಿನ ನಡುವೆ, ಒಂದು ಹನಿ ನೀರನ್ನೂ ಕೇಳದೆ ಕಾದ ಕಬ್ಬಿಣದ ಸಲಾಕೆಯಂತೆ ಎದೆಮಟ್ಟಕ್ಕೆ ಎದ್ದು ನಿಲ್ಲುವ ಕೆಂಡಸಲಾಕೆ ಹೂವು. ಹಿಮ ಬಿದ್ದರೂ ಹಸಿರು ಬಿಡದ ಗಿಡ. "ಬಿಸಿಲು ಕೊಡಿ, ಇನ್ನೇನೂ ಕೊಡಬೇಡಿ" ಎಂದು ವಿನಿ ಬಂದವರಿಗೆಲ್ಲ ಹೇಳುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಈ ನನ್ನ ಗಂಡನಿಗೂ ಅಷ್ಟೇ" ಎನ್ನುತ್ತಿದ್ದಳು.

ಗೊತ್ತು, ನೀನು ಯಾಕೆ ಬಂದಿದ್ದೀ ಎಂದು ನನಗೆ ಗೊತ್ತು. ಅವಳು ಹೋಗಿ ಇವತ್ತಿಗೆ ವರ್ಷ. ಈ ಗಿಡದ ಬೇರಿನ ಒಂದು ತುಂಡು ಒಡೆದು ಅವಳ ಸಮಾಧಿಯ ಬಳಿ ನೆಡಬೇಕು, ಮಾತು ಕೊಟ್ಟವನು ನಾನೇ. ಆದರೆ ಹೂ ಬಿಟ್ಟಾಗ ಬೇರು ಒಡೆಯಬಾರದು ಮಾರಾಯ್ತಿ. ವಸಂತಕ್ಕೆ ಬಾ. ಅಥವಾ ಅದರ ಮುಂದಿನ ವಸಂತಕ್ಕೆ... ಅಷ್ಟು ಹತ್ತಿರ ಹೋಗಬೇಡ, ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಪಾದ್ರಿಗಳು ಇಲ್ಲಿಂದಲೇ ನೋಡಿ, ಈ ಸಲ ಬಣ್ಣ ಬಹಳ ಗಾಢವಾಗಿದೆ ಎಂದು ಹೊಗಳಿ ಹೋದರು. ಒಂದು ದುಂಬಿಯೂ ಬಂದಿತ್ತು. ಕೂತಿತು, ಬಹಳ ಹೊತ್ತು ಯೋಚಿಸಿತು, ಎದ್ದು ಹೋಯಿತು.

ಏನು ಮೂಸುತ್ತೀ? ಅದು ಪಕ್ಕದ ಮನೆಯವರ ಬೇಲಿಗೆ ಬಳಿದ ಬಣ್ಣದ ವಾಸನೆ. ಬೇಲಿ ಕಿತ್ತಳೆ ಬಣ್ಣದ್ದಲ್ಲ, ನಿಜ... ಈನಿಡ್, ಎಳೆಯಬೇಡ, ಎಳೆಯಬೇಡ...

ಸರಿ. ಬಾಟಲಿ ತೊಳೆಯುವ ಬ್ರಷ್ಷು. ಎಲ್ಲವೂ. ಅಂಗಡಿಯವನು ಮನೆಯಲ್ಲಿ ಮಗು ಹುಟ್ಟಿತೇ ಎಂದು ಕೇಳಿದ. ಅವಳಿ ಎಂದೆ. ಅಷ್ಟು ಬ್ರಷ್ಷಿಗೆ ಅವಳಿಯಾದರೂ ಬೇಕಲ್ಲ. ತುದಿಗೆ ಕಿತ್ತಳೆ, ಕೆಳಗೆ ಹಳದಿ, ಫೋಟೊ ಪಕ್ಕದಲ್ಲಿಟ್ಟುಕೊಂಡು ನಾನೇ ಬಳಿದೆ. ಬುಡದಲ್ಲಿರುವ ಎಲೆಗಳು ತರಕಾರಿ ಅಂಗಡಿಯ ಲೀಕ್ಸ್, ಈರುಳ್ಳಿ ಜಾತಿಯ ಸೊಪ್ಪು. ಸಂಜೆಗೆ ಸೂಪ್ ಮಾಡಬಹುದು.

ನಗು, ನಗು. ಗಿಡ ಬಿಸಿಲಿಗೆ ಸತ್ತಿತು ಎಂದುಕೋ. ಎಂಥ ಬಿಸಿಲಿತ್ತು, ನೀನೇ ನೋಡಿದೆಯಲ್ಲ. ಅಥವಾ ಬಸವನಹುಳು, ಪಕ್ಕದ ಮನೆಯವರ ಬಸವನಹುಳು... ಸಲಿಕೆ ಕೆಳಗಿಡು ಎಂದೆನಲ್ಲ, ಅಗೆಯಬೇಡ.

ಏನು ಸಿಕ್ಕಿತು?

ಮಣ್ಣನ್ನು ಹಾಗೆ ಬೆರಳಲ್ಲಿ ಉಜ್ಜಬೇಡ. ಒದ್ದೆಯಿದೆ, ಹೌದು. ಬೇರು ಕೊಳೆತಿದೆ, ಅದೂ ಹೌದು. ಆ ಕಪ್ಪು ಚೂರುಗಳು ಗೊಬ್ಬರ. ಹಾಲಿನ ವಾಸನೆಯ ಗೊಬ್ಬರ ಇರಬಾರದೇನು? ಹಾಗೆ ನೋಡಬೇಡ ಈನಿಡ್. ಬೈಯುವುದಿದ್ದರೆ ಬೈ. ಹೇಳುತ್ತೇನೆ, ಎಲ್ಲವನ್ನೂ ಹೇಳುತ್ತೇನೆ...

ನನ್ನ ಕೈಗೆ ಎರಡು ಕಪ್ ಚಹಾದ ಅಳತೆ ಬಿಟ್ಟು ಬೇರೆ ಗೊತ್ತಿಲ್ಲ. ನಾಲ್ಕು ಗಂಟೆಗೆ ಚಹಾ ಆಗುತ್ತದೆ. ನನ್ನದನ್ನು ನಾನು ಕುಡಿಯುತ್ತೇನೆ, ಅವಳದು ಮೇಜಿನ ಮೇಲೆ ಆರುತ್ತಾ ಕೂರುತ್ತದೆ. ಹಾಲು ಜಾಸ್ತಿ, ಸಕ್ಕರೆ ಎರಡು ಚಮಚ. ಅದನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಸುರಿಯಲು ಕೈ ಬರಲಿಲ್ಲ. ಇಲ್ಲಿಗೆ ತಂದು ಅವಳ ಗಿಡದ ಬುಡಕ್ಕೆ ಸುರಿದೆ. ಮರುದಿನವೂ ತಂದೆ. ಚಳಿಗಾಲದಲ್ಲಿ ದಿನಕ್ಕೆ ಎರಡು ಸಲ, ಅವಳಿಗೆ ಚಳಿ ತಡೆಯುವುದಿಲ್ಲವಲ್ಲ ಎಂದು. ಎಲೆ ಹಳದಿಯಾದಾಗ, ಸೊರಗಿದ್ದಾಳೆ ಎಂದು ಒಂದು ಬಿಸ್ಕತ್ತನ್ನೂ ಅದ್ದಿ ಇಟ್ಟೆ... ಬೇಡ ಎಂದು ಹೇಳಲು ಗಿಡಕ್ಕೆ ಬಾಯಿರಲಿಲ್ಲ.

ಅಳಬೇಡ. ಅಥವಾ ಅಳು. ನಾನು ಹೋಗಿ ಬಾಗಿಲು ತೆಗೆಯುತ್ತೇನೆ.

ಬನ್ನಿ, ಎಲ್ಲರೂ ಒಳಗೆ ಬನ್ನಿ. ಪಾದ್ರಿಗಳೇ, ಮತ್ತೆ ಬಂದಿರಾ, ನೀವೂ ಬನ್ನಿ, ನೀವು ಬೆಳಿಗ್ಗೆ ಹೊಗಳಿದ್ದು ಬ್ರಷ್ಷನ್ನು. ವಿನಿಯ ಗಿಡ ಸತ್ತಿದೆ, ಕೊಂದವನು ನಾನು. ಅವಳು ಹಿಂದೆ ನಿಮಗೆಲ್ಲ ಹಂಚಿದ ಬೇರು ನಿಮ್ಮಲ್ಲಿ ಯಾರ ತೋಟದಲ್ಲಾದರೂ ಬದುಕಿದ್ದರೆ, ವಸಂತಕ್ಕೆ ಒಂದು ತುಂಡು ಕೊಡಿ, ಅವಳ ಸಮಾಧಿಯ ಬಳಿ ನೆಡಬೇಕು. ನನ್ನ ಕೈಗೆ ಬೇಡ, ಇಗೋ, ಈ ನನ್ನ ನಾದಿನಿಯ ಕೈಗೆ ಕೊಡಿ. ಇನ್ನೊಂದು ಮಾತು, ಅದನ್ನೂ ನಿಮ್ಮೆಲ್ಲರ ಎದುರಿಗೇ ಹೇಳಿಬಿಡುತ್ತೇನೆ. ನಾಳೆಯಿಂದ ನಾನು ಒಂದೇ ಕಪ್ ಚಹಾ ಮಾಡುತ್ತೇನೆ.